ಗಾದಿ ಯಾರದು?



ಈ ಸಭೆಯಲ್ಲಿ ಬಹಳ ಮಂದಿ ವ್ಯಾಪಾರಸ್ಥರಿದ್ದೀರಿ. ದಲಾಲಿ ಅಂಗಡಿ, ಬಟ್ಟೆ ಅಂಗಡಿ, ಗಾಣದಿಂದ ಬೆಳೆದ ಎಣ್ಣೆ ಮಿಲ್ಲು, ಒಂದು ಲಾರಿಯಿಂದ ಶುರುವಾದ ಟ್ರಾನ್ಸ್‌ಪೋರ್ಟು. ಅಜ್ಜ ಹಾಕಿದ ಗಾದಿ, ಅಪ್ಪ ಕೂಡಿಸಿದ ಗಿರಾಕಿ. ಪಾದಪೂಜೆಗೆಂದು ನಮ್ಮನ್ನು ಮನೆಗೆ ಕರೆದಾಗ ನೀವು ಹೇಳಿಕೊಳ್ಳುವುದು ನಷ್ಟದ ಸಂಗತಿಯಲ್ಲ. "ಅಜ್ಜಾರ, ವ್ಯಾಪಾರ ಚಲೋ ಐತಿ, ಮನಿ ಕೆಟ್ಟೈತಿ" ಅನ್ನುತ್ತೀರಿ. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವ ತಮ್ಮನಿಗೂ ಹನ್ನೊಂದಕ್ಕೆ ಬರುವ ಅಣ್ಣನಿಗೂ ಒಂದೇ ಪಾಲು. ಓದಿ ಬಂದ ಮಗನಿಗೆ ಎಲ್ಲ ಕಂಪ್ಯೂಟರ್‌ನಲ್ಲಿರಬೇಕು, ಹಳೆಯ ಗುಮಾಸ್ತನಿಗೆ ಕಿರ್ದಿ ಪುಸ್ತಕವೇ ಬೇಕು. ಎರಡನೆಯ ಅಂಗಡಿ ತೆರೆದರೆ ಅಲ್ಲಿ ಯಾರು ಕೂರಬೇಕು ಎಂಬ ಮಾತಿಗೆ ಎರಡು ಮನೆಗಳ ಒಲೆಯೇ ಬೇರೆಯಾಗಿದೆ.

ಲೆಕ್ಕಪರಿಶೋಧಕರು ಇದಕ್ಕೊಂದು ದಾರಿ ಹೇಳುತ್ತಾರೆ, ವಕೀಲರು ಇನ್ನೊಂದು ಹೇಳುತ್ತಾರೆ. ಅವರ ಮಾತನ್ನೂ ಕೇಳಿ. ನಾವು ನಿಮ್ಮನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕರೆದೊಯ್ಯುತ್ತೇವೆ.

ಮಹಾಮನೆ ಬಸವಣ್ಣನವರದು. ದಾಸೋಹದ ಭಾರ ಹೊತ್ತವರು ಅವರು. ಊರೂರಿನಿಂದ ಶರಣರು ನಡೆದು ಬಂದದ್ದು ಅವರ ಹೆಸರು ಕೇಳಿ. ಆದರೂ ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಅವರು ತಾವು ಕೂರಲಿಲ್ಲ, ಅಲ್ಲಮಪ್ರಭುಗಳನ್ನು ಕೂರಿಸಿದರು. ಅಲ್ಲಮರು ಮನೆಯಿಲ್ಲದ ಜಂಗಮ, ಕಲ್ಯಾಣದಲ್ಲಿ ಅವರದೆಂದು ಒಂದು ಕಲ್ಲೂ ಇರಲಿಲ್ಲ. ಕಟ್ಟಿದವನೇ ಆಳಬೇಕೆಂಬ ಹಟ ಬಸವಣ್ಣನವರಿಗಿದ್ದಿದ್ದರೆ ತಡೆಯುವವರು ಯಾರಿದ್ದರು?

ಮುಂದೆ ನಡೆದದ್ದನ್ನು ಇನ್ನೂ ಗಮನವಿಟ್ಟು ಕೇಳಬೇಕು. ಅಲ್ಲಮರ ನಂತರ ಆ ಪೀಠಕ್ಕೆ ಬಂದವರು ಚೆನ್ನಬಸವಣ್ಣ. ಅವರು ಬಸವಣ್ಣನವರ ಅಕ್ಕ ನಾಗಮ್ಮನ ಮಗ, ವಯಸ್ಸಿನಲ್ಲಿ ತೀರ ಚಿಕ್ಕವರು. ಅವರ ನಂತರ ಬಂದವರು ಸೊನ್ನಲಿಗೆಯ ಸಿದ್ಧರಾಮ. ಕೆರೆ ಕಟ್ಟಿಸಿ, ಜನರನ್ನು ಕೂಡಿಸಿ ಕೆಲಸ ಮಾಡಿಸಿದವರು, ಬೇರೆ ಸೀಮೆಯವರು. ಮೊದಲು ಹೊರಗಿನವರು, ಆಮೇಲೆ ಸೋದರಳಿಯ, ಮತ್ತೆ ಹೊರಗಿನವರು. ಅಳಿಯನೆಂದು ಚೆನ್ನಬಸವಣ್ಣನವರಿಗೆ ಪೀಠ ಸಿಗಲಿಲ್ಲ. ಅಳಿಯನಿಗೆ ಕೊಟ್ಟರೆ ಜನ ಏನಂದಾರು ಎಂದು ತಪ್ಪಿಸಲೂ ಇಲ್ಲ. ಈ ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ್ದು. ಯೋಗ್ಯನಾದ ಮಗನನ್ನು ಮಗನೆಂಬ ಕಾರಣಕ್ಕೇ ನಂಬದ ತಂದೆಯರೂ ನಮ್ಮಲ್ಲಿದ್ದಾರೆ. ಐವತ್ತು ದಾಟಿದ ಮಗ ಇವತ್ತಿಗೂ ಒಂದು ಚೆಕ್ಕಿಗೆ ಅಪ್ಪನ ಸಹಿ ಕೇಳುವ ಅಂಗಡಿಗಳಿವೆ.

ಪಾಲೇ ಬೇರೆ, ಹೊಣೆಯೇ ಬೇರೆ. ಅಪ್ಪನ ಆಸ್ತಿಯಲ್ಲಿ ನಾಲ್ವರು ಮಕ್ಕಳಿಗೆ ಸಮಪಾಲು ಇರಲಿ, ಅದು ಹುಟ್ಟಿನಿಂದ ಬಂದದ್ದು. ಆದರೆ ಅಂಗಡಿ ನಡೆಸುವ ಹೊಣೆ ಕಾಯಕ, ಅದು ಹುಟ್ಟಿನಿಂದ ಬರುವುದಿಲ್ಲ. ದಿನವಿಡೀ ದುಡಿಯುವವನಿಗೆ ಮೊದಲು ಅವನ ದುಡಿಮೆಯ ಸಂಬಳ ಕೊಡಿ, ಆಮೇಲೆ ಉಳಿದ ಲಾಭವನ್ನು ಪಾಲಿನ ಪ್ರಕಾರ ಹಂಚಿ. ಇಷ್ಟು ಮಾಡಿದರೆ ಅಣ್ಣತಮ್ಮಂದಿರ ಅರ್ಧ ಜಗಳ ಮುಗಿಯುತ್ತದೆ. ಮಗನನ್ನು ಬಂದ ದಿನವೇ ಗಲ್ಲಾದ ಮುಂದೆ ಕೂರಿಸಬೇಡಿ. ಗೋದಾಮಿನಲ್ಲಿ ಚೀಲ ಎಣಿಸಲಿ, ಗುಮಾಸ್ತನ ಕೈಕೆಳಗೆ ವಸೂಲಿಗೆ ಹೋಗಲಿ, ಹಮಾಲರ ಹೆಸರು ಕಲಿಯಲಿ. ನಿಮ್ಮ ಮನೆಯಲ್ಲಿ ಯೋಗ್ಯರು ಯಾರೂ ಇಲ್ಲದಿದ್ದರೆ ಒಡೆತನ ನಿಮ್ಮಲ್ಲೇ ಇರಲಿ, ಆಡಳಿತವನ್ನು ಆ ಗುಮಾಸ್ತನಿಗೋ ಹೊರಗಿನ ನಂಬಿಕಸ್ಥನಿಗೋ ಒಪ್ಪಿಸಿ. ಒಪ್ಪಿಸಿದ ಮೇಲೆ ಅವನ ಬೆನ್ನ ಹಿಂದೆ ಕೆಲಸಗಾರರಿಗೆ ಬೇರೆ ಅಪ್ಪಣೆ ಕೊಡಬೇಡಿ.

ಇದನ್ನೆಲ್ಲ ಬದುಕಿರುವಾಗಲೇ ಮಾಡಬೇಕು. ಧೀರೂಭಾಯಿ ಅಂಬಾನಿ 2002ರಲ್ಲಿ ಮರಣಪತ್ರ ಬರೆಯದೆ ತೀರಿಕೊಂಡರು. ದೇಶದ ಅಷ್ಟು ದೊಡ್ಡ ಮನೆತನದ ಅಣ್ಣತಮ್ಮಂದಿರ ಜಗಳ ಬೀದಿಗೆ ಬಂತು, ಕೊನೆಗೆ 2005ರಲ್ಲಿ ತಾಯಿಯೇ ನಡುವೆ ನಿಂತು ಪಾಲು ಮಾಡಬೇಕಾಯಿತು. ಸಿದ್ಧಗಂಗೆಯಲ್ಲಿ ನಡೆದದ್ದು ಬೇರೆ ರೀತಿ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದರು. ಉತ್ತರಾಧಿಕಾರಿಯನ್ನು ಅವರು ದಶಕಗಳ ಮೊದಲೇ ಗುರುತಿಸಿ, ಜೊತೆಯಲ್ಲಿಟ್ಟುಕೊಂಡು ಬೆಳೆಸಿದ್ದರು. ಗುರುಗಳು ಹೋದ ದಿನ ಅಲ್ಲಿ ದುಃಖವಿತ್ತು, ಮುಂದೆ ಯಾರು ಎಂಬ ಗೊಂದಲ ಇರಲಿಲ್ಲ.

ಇನ್ನು ಗಲ್ಲಾದ ವಿಷಯ. ಬಸವಣ್ಣನವರು ಬಿಜ್ಜಳನ ಭಂಡಾರಿ. ರಾಜನ ಹಣವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರು ಒಯ್ದರು, ಬಸವಣ್ಣನವರು ಭಂಡಾರ ತೆರೆದು ಲೆಕ್ಕ ಒಪ್ಪಿಸಿದರು ಎಂಬ ಕಥೆ ನಿಮಗೆಲ್ಲ ಗೊತ್ತು. ಒಂದು ಕಾಸೂ ಕಡಿಮೆಯಿರಲಿಲ್ಲ. ನಿಮ್ಮ ಅಂಗಡಿಯ ಲೆಕ್ಕವನ್ನು ನಿಮ್ಮ ತಮ್ಮ ಈ ಕ್ಷಣ ಕೇಳಿದರೆ ಹಾಗೆ ತೆರೆದಿಡಬಲ್ಲಿರಾ? ಮಗಳ ಮದುವೆಗೆ ಗಲ್ಲಾದಿಂದ ತೆಗೆದದ್ದು, ಮನೆಯ ಮೇಲೆ ಮಹಡಿ ಏರಿಸಲು ತೆಗೆದದ್ದು ಎಲ್ಲಾದರೂ ಬರೆದಿದೆಯೇ? ಬರೆಯದೆ ತೆಗೆದ ಹಣ ಒಬ್ಬರಿಗೆ ಮರೆಯುತ್ತದೆ, ಇನ್ನೊಬ್ಬರಿಗೆ ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಇದನ್ನು ಹೇಳುವಾಗ ನಮಗೆ ನೋವಾಗುತ್ತದೆ. ಪಂಚಮಿಗೆ ತವರಿಗೆ ಬಂದ ಮಗಳ ಮುಂದೆ ಹಕ್ಕು ಬಿಡುಗಡೆ ಪತ್ರ ಹಿಡಿದು, ಸಹಿ ಹಾಕಿಸಿಕೊಂಡು, ಸೀರೆ ಉಡಿಸಿ ಕಳಿಸುವ ಮನೆಗಳಿವೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕಿಗಾಗಿ ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು. 2005ರಲ್ಲಿ ಇಡೀ ದೇಶದಲ್ಲಿ ಮಗಳು ಮಗನಿಗೆ ಸಮಾನಳಾದಳು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಅಕ್ಕಮಹಾದೇವಿಯನ್ನು ಪ್ರಶ್ನೆ ಕೇಳಿ, ಉತ್ತರ ಕೇಳಿ, ಅಕ್ಕ ಎಂದು ಕರೆದು ಸಭೆಯಲ್ಲಿ ಕೂರಿಸಿದ ಪರಂಪರೆ ನಮ್ಮದು. ಕೋರ್ಟು ಹೇಳುವವರೆಗೆ ನಾವೇಕೆ ಕಾಯಬೇಕಿತ್ತು? ಗಾದಿಗೆ ಯೋಗ್ಯರು ಯಾರೆಂದು ಎಣಿಸುವಾಗ ಮಗಳ ಹೆಸರು ಬಾಯಿಗೇ ಬರದಿದ್ದರೆ ಆ ಎಣಿಕೆ ತಪ್ಪು.

ವ್ಯಾಪಾರ ಬೆಳೆಯುವ ಹೊತ್ತಿನಲ್ಲಿ ಆಯ್ದಕ್ಕಿ ಲಕ್ಕಮ್ಮ ತಾಯಿಯನ್ನು ನೆನೆಯಿರಿ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿದಳು, ಇದು ನಮ್ಮ ಅಳತೆಗಿಂತ ಹೆಚ್ಚು, ಅಲ್ಲೇ ಸುರಿದು ಬಾ ಅಂದಳು. ಮಾರಯ್ಯ ಸುರಿದು ಬಂದ. ಈ ಕಥೆಯನ್ನು ಹೇಳುವವರೆಲ್ಲ ಲಕ್ಕಮ್ಮನನ್ನು ಹೊಗಳುತ್ತಾರೆ, ಹೊಗಳಲೇಬೇಕು. ನಮಗೆ ಮಾರಯ್ಯನ ಮೇಲೂ ಅಷ್ಟೇ ಗೌರವ. ತಂದದ್ದನ್ನು ತಿರುಗಿ ಒಯ್ಯುವಾಗ ಆತ ನಾನು ಯಜಮಾನ ಅನ್ನಲಿಲ್ಲ, ನಿನಗೇನು ತಿಳಿಯುತ್ತದೆ ಅನ್ನಲಿಲ್ಲ.

ಎಪಿಎಂಸಿಯಲ್ಲಿ ನಾಲ್ಕು ಜನ ಸಾಹುಕಾರ್ರೇ ಅಂದ ಕೂಡಲೇ ಮನೆಯಲ್ಲಿ ಬೇಡ ಅನ್ನುವ ಬಾಯಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. ಹೆಂಡತಿ ಸುಮ್ಮನಾಗುತ್ತಾಳೆ, ಗುಮಾಸ್ತ ತಲೆ ಅಲ್ಲಾಡಿಸುತ್ತಾನೆ. ಮೂರನೆಯ ಅಂಗಡಿಗೆಂದು ಬ್ಯಾಂಕಿನವರು ಸಾಲದ ಕಾಗದ ಹಿಡಿದು ತಾವೇ ಬಾಗಿಲಿಗೆ ಬರುತ್ತಾರೆ. ಸಹಿ ಹಾಕುವ ಮೊದಲು ಒಂದು ರಾತ್ರಿ ತಡೆಯಿರಿ. ನಿಮ್ಮ ಮನೆಯ ಲಕ್ಕಮ್ಮ ಯಾರು, ಅವಳನ್ನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಯೋಚಿಸಿ.

ದೀಪಾವಳಿ ಪಾಡ್ಯ ಬರುತ್ತಿದೆ. ಹೊಸ ಖಾತೆ ಪುಸ್ತಕ ಪೂಜೆಗಿಡುವ ಮೊದಲು ಒಂದು ದಿನ ಎಲ್ಲರೂ ಕೂಡಿ ಕುಳಿತುಕೊಳ್ಳಿ. ಯಾರ ಪಾಲೆಷ್ಟು, ದುಡಿಯುವವರ ಸಂಬಳವೆಷ್ಟು, ಯಜಮಾನರ ನಂತರ ಹೊಣೆ ಯಾರಿಗೆ, ಒಬ್ಬರು ಬೇರೆಯಾಗಬೇಕೆಂದರೆ ಹೇಗೆ, ಇಷ್ಟನ್ನು ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿ. ಮನೆಯಲ್ಲಿ ಕುಳಿತರೆ ದನಿ ಏರುತ್ತದೆ ಅನ್ನಿಸಿದರೆ ಮಠದ ಪಡಸಾಲೆಗೆ ಬನ್ನಿ, ಬಾಗಿಲು ತೆರೆದಿದೆ, ಪ್ರಸಾದವೂ ಇಲ್ಲಿಯೇ ಆಗಲಿ. ಬರುವಾಗ ಗುಮಾಸ್ತನನ್ನು ಕರೆತನ್ನಿ. ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇವತ್ತೇ ಫೋನ್ ಮಾಡಿ, ಅವರಿಗೆ ಅನುಕೂಲವಾಗುವ ದಿನವನ್ನೇ ಗೊತ್ತುಮಾಡಿ.