ಹೊಳೆಯಿಲ್ಲದ ಸೀಮೆಯಲ್ಲಿ ಒಂದು ಬಾನಿ ನೀರು

ಕೋಲಾರದ ಮಗ್ಗುಲಲ್ಲೇ ಎದ್ದು ನಿಂತಿರುವ ಶತಶೃಂಗ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ, ಏದುಸಿರು ಬಿಡುತ್ತಾ ಕಾಶಿ ವಿಶ್ವೇಶ್ವರನ ಗುಡಿಯ ಬಳಿಗೆ ಬಂದರೆ, ಕಣ್ಣಿಗಿಂತ ಮೊದಲು ಕಿವಿಗೆ ಸಿಗುವುದು ಕಲ್ಲು ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರಿನ ಸದ್ದು. ದೊಡ್ಡ ಸದ್ದೇನಲ್ಲ, ಆದರೂ ದಾರಿಯುದ್ದಕ್ಕೂ ಮಾತಾಡುತ್ತಾ ಬಂದವರು ಅಲ್ಲಿ ತಾವಾಗಿಯೇ ದನಿ ತಗ್ಗಿಸುತ್ತಾರೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ಇದೆ, ಅದು ಹರಿಯುವುದೂ ಮಳೆ ಮನಸ್ಸು ಮಾಡಿದಾಗಲೇ. ಕೊಳವೆಬಾವಿಗಳು ಸಾವಿರ ಅಡಿ ದಾಟಿದರೂ ಕಲ್ಲಿನ ಧೂಳನ್ನೇ ಉಗುಳುವ ಇಂಥ ಸೀಮೆಯಲ್ಲಿ, ಇಷ್ಟು ಎತ್ತರದಲ್ಲಿ, ಬೇಸಿಗೆಯಲ್ಲೂ ಬತ್ತದೆ ಅಂತರಗಂಗೆಯೆಂಬ ಈ ಬುಗ್ಗೆ ಸುರಿಯುತ್ತಲೇ ಇರುತ್ತದೆ. ಎಂದೋ ಬಿದ್ದ ಮಳೆ ಬಂಡೆಯ ಬಿರುಕುಗಳಿಗೆ ಇಳಿದು, ಒಳಗಿನ ಕತ್ತಲಲ್ಲಿ ತನ್ನಷ್ಟಕ್ಕೆ ನಡೆದು ಹೊರಬರುತ್ತದೆ ಎಂದು ತಿಳಿದಮೇಲೆ ನನ್ನ ಬೆರಗು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿತು. ಈಗ ಬೊಗಸೆಗೆ ಬಿದ್ದು ಮೊಣಕೈವರೆಗೆ ತಣ್ಣಗೆ ಇಳಿದದ್ದು ಯಾವ ವರ್ಷದ ಮಳೆಯೋ, ಯಾರ ಕಾಲದ ಮೋಡವೋ.

ಹಿತ್ತಲಿನಲ್ಲಿ ಒಂದಿಷ್ಟು ನೀರನ್ನು ಸುಮ್ಮನೆ ನೋಡಲೆಂದೇ ಇಟ್ಟುಕೊಳ್ಳಬೇಕೆಂಬ ಆಸೆ ನಮ್ಮ ಕಡೆಯವರಲ್ಲಿ ಹುಟ್ಟುವುದು ಇಂಥ ಕಡೆಗಳಿಂದಲೇ ಇರಬೇಕು. ಮೋಟರು, ಬಣ್ಣದ ದೀಪ ಎಲ್ಲ ಜೋಡಿಸಿದ ಫೈಬರ್ ಕಾರಂಜಿಗಳು ಪೇಟೆಯಲ್ಲಿ ಸಿಗುತ್ತವೆ. ನನ್ನ ಮನಸ್ಸು ಮಾತ್ರ ಕೊಟ್ಟಿಗೆಯ ಕಲ್ಲುಬಾನಿಯ ಕಡೆಗೇ ಹೋಯಿತು. ದನಗಳಿದ್ದ ಕಾಲದಲ್ಲಿ ಅವು ಕಲಗಚ್ಚು ಕುಡಿಯುತ್ತಿದ್ದ ಬಾನಿ. ಒಳಮೈಯಲ್ಲಿ ಉಳಿಯ ಏಟುಗಳು ಹಾಗೇ ಇವೆ, ಅಂಚು ಮಾತ್ರ ತಲೆಮಾರುಗಳ ಕತ್ತು ಸವರಿ ಸವರಿ ನುಣುಪಾಗಿದೆ. ಮಧ್ಯಾಹ್ನದ ಬಿಸಿಲು ತಪ್ಪಿಸುವ ನುಗ್ಗೆಮರದ ಮಗ್ಗುಲಲ್ಲಿ ನೆಲವನ್ನು ತಟ್ಟಿ, ಮಾಲೂರಿನ ಇಟ್ಟಿಗೆಗಳನ್ನು ಹಾಸಿ, ಅದನ್ನು ಸಮಕ್ಕೆ ಕೂರಿಸಿದ್ದಾಯಿತು. ತಳದಲ್ಲಿ ಕೆರೆಯ ಗೋಡುಮಣ್ಣು, ಅದರಲ್ಲಿ ನೈದಿಲೆಯ ಒಂದು ಗಡ್ಡೆ. ಮೇಲೆ ಮರದ ಕೊಂಬೆಗೆ ತೂಗುಬಿಟ್ಟ ಮಣ್ಣಿನ ಕುಡಿಕೆಯ ತಳದ ತೂತಿನಲ್ಲಿ ಹತ್ತಿಯ ಬತ್ತಿ, ಶಿವಲಿಂಗದ ಮೇಲಿನ ಧಾರಾಪಾತ್ರೆಯ ಹಾಗೆ. ಕರೆಂಟು ಇರಲಿ ಹೋಗಲಿ, ಹನಿ ಬೀಳುತ್ತದೆ.

ಆ ಹನಿಯನ್ನು ಹತ್ತಿರದಿಂದ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬತ್ತಿಯ ತುದಿಯಲ್ಲಿ ಅದು ಮೊದಲು ಬರಿಯ ಹೊಳಪು. ಆಮೇಲೆ ಮೈತುಂಬಿಕೊಂಡು, ಇಡೀ ನುಗ್ಗೆಮರವನ್ನು ತಲೆಕೆಳಗಾಗಿ ತನ್ನೊಳಗೆ ಹಿಡಿದುಕೊಂಡು, ಇನ್ನು ತಾಳಲಾರೆ ಎನ್ನುವಾಗ ಕಳಚಿ ಬೀಳುತ್ತದೆ. ಬಿದ್ದ ಜಾಗದಿಂದ ಉಂಗುರ ಹೊರಟು, ಅಂಚಿನ ಕಲ್ಲು ಮುಟ್ಟಿ, ಮತ್ತೆ ಒಳಗೆ ಬರುತ್ತಾ ಅಷ್ಟರಲ್ಲಿ ಹುಟ್ಟಿದ ಇನ್ನೊಂದು ಉಂಗುರವನ್ನು ಹಾದು ಹೋಗುತ್ತದೆ. ಎರಡೂ ಮುರಿಯುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಬೆರಳಿನಷ್ಟು ನೀರು ಗಾಳಿಗೆ ಸೇರಿ ಹೋಗುತ್ತದೆ, ಎರಡು ಮೂರು ಚೊಂಬು ಸುರಿದು ತುಂಬಬೇಕು. ಬೋರಿನ ನೀರು ಸುರಿದಾಗ ಕಲ್ಲಿನ ಮೇಲೆ ಬಿಳಿಯ ಗೆರೆ ಉಳಿಯುತ್ತದೆ, ನೆಲದಾಳದ ಉಪ್ಪು ಬರೆದಿಟ್ಟ ಗೆರೆ. ಮಳೆ ನೀರು ಯಾವ ಗೆರೆಯನ್ನೂ ಬಿಡದೆ ಬಂದು, ಬಿಡದೆ ಹೋಗುತ್ತದೆ.

ಆದರೆ ನನ್ನನ್ನು ನಿಜಕ್ಕೂ ಮೂಕನನ್ನಾಗಿಸಿದ್ದು ಏರೋಪ್ಲೇನ್ ಚಿಟ್ಟೆ. ಸುತ್ತ ಎಲ್ಲೂ ನೀರಿಲ್ಲ, ನೆರೆಯ ಕುಂಟೆ ಒಣಗಿ ಬಿರುಕು ಬಿಟ್ಟಿದೆ; ಹೀಗಿರುವಾಗ ಈ ಬಾನಿಯ ಸುದ್ದಿಯನ್ನು ಆ ಹೊಂಬಣ್ಣದ ಜೀವಕ್ಕೆ ಹೇಳಿದವರು ಯಾರು? ಬಲ್ಲವರ ಉತ್ತರ ಇದು: ನೀರಿನ ಮೈಗೆ ತಾಗಿ ಹೊರಳಿದ ಬೆಳಕಿನ ಕಂಪನ ಹೆಚ್ಚಾಗಿ ನೆಲಕ್ಕೆ ಸಮನಾಗಿ ಒಂದೇ ದಿಕ್ಕಿನಲ್ಲಿ ಇರುತ್ತದೆ, ನಮ್ಮ ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅವುಗಳ ಕಣ್ಣಿಗೆ ಅದೇ ನೀರಿನ ಗುರುತು. ಹೊಳೆಯುವ ಕಾರಿನ ಬಾನೆಟ್ಟನ್ನೂ ನೀರೆಂದು ನಂಬಿ ಅವು ಮೊಟ್ಟೆಯಿಡಲು ಹೋಗುವುದುಂಟು. ಹಾಗಾದರೆ ಆಕಾಶದಿಂದ ನೋಡಿದಾಗ ನಮ್ಮ ಹಿತ್ತಲಲ್ಲಿ ಒಂದು ತುಂಡು ಬೆಳಕು ನಾವು ಎಂದೂ ಕಾಣಲಾರದ ಬಗೆಯಲ್ಲಿ ಕರೆಯುತ್ತಲೇ ಇದೆ.

ಆ ಚಿಟ್ಟೆ ಬಾಲದ ತುದಿಯಿಂದ ನೀರನ್ನು ಮುಟ್ಟಿ ಮುಟ್ಟಿ ಏಳುತ್ತದೆ, ಮುಟ್ಟಿದಲ್ಲೆಲ್ಲ ಮೊಟ್ಟೆ. ಮಳೆನೀರು ನಿಂತ ಗುಂಡಿಗಳನ್ನೇ ಹುಡುಕಿ ಬದುಕುವ ಈ ಜಾತಿಗೆ ವಿಜ್ಞಾನಿಗಳು ಇಟ್ಟ ಹೆಸರು ಪ್ಯಾಂಟಲಾ ಫ್ಲಾವೆಸೆನ್ಸ್. ನೆಲದ ಮೇಲೆ ಸಿಹಿನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಮಾಲ್ಡೀವ್ಸ್ ದ್ವೀಪಗಳಲ್ಲಿ ಪ್ರತಿವರ್ಷ ಅಕ್ಟೋಬರಿನ ಹೊತ್ತಿಗೆ ಇವು ರಾಶಿ ರಾಶಿ ಇಳಿಯುವುದನ್ನು ಅಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಗಮನಿಸಿ, ಭಾರತದಿಂದ ಹೊರಟು ಗಾಳಿಯ ಜೊತೆ ಕಡಲು ದಾಟಿ ಆಫ್ರಿಕದ ಪೂರ್ವ ತೀರಕ್ಕೆ ಹೋಗುತ್ತವೆ ಎಂಬ ವಿವರವನ್ನು 2009ರಲ್ಲಿ ಪ್ರಕಟಿಸಿದರು. ಹೋಗಿ ಬರುವ ದಾರಿ 14,000 ಕಿಲೋಮೀಟರಿಗೂ ಹೆಚ್ಚು. ಒಂದೇ ಜೀವ ಅದನ್ನು ಮುಗಿಸುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಮುಂದುವರಿಸುತ್ತಾರೆ. ದನಗಳು ಬಾಯಿಟ್ಟ ಈ ಬಾನಿಯಲ್ಲಿ ಕಣ್ಣು ಬಿಟ್ಟ ಒಂದು ಹುಳು, ಕೋಲಾರದ ಒಣ ಗಾಳಿಯಲ್ಲಿ ರೆಕ್ಕೆ ಒಣಗಿಸಿಕೊಂಡು, ಅರಬ್ಬೀ ಸಮುದ್ರದ ಮೇಲಿನ ಕತ್ತಲಿಗೆ ಹಾರಬಹುದು. ಇದನ್ನು ತಿಳಿದ ಮೇಲೆ ಬಾನಿಯನ್ನು ತೊಳೆಯುವಾಗ ಕೈ ತಾನಾಗಿ ಮೆದುವಾಗುತ್ತದೆ.

ಈ ಸೀಮೆಯ ಹಿರಿಯರಿಗೆ ನೀರಿನ ಈ ಕರೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಆವನಿ ಬೆಟ್ಟದ ಬಂಡೆಗಳ ದೊಣೆಗಳಲ್ಲಿ ಮಳೆ ನಿಲ್ಲುತ್ತದೆ. ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ತೀರ್ಥದ ಮಗ್ಗುಲಲ್ಲೇ ಇದೆ. ಊರೂರಿಗೂ ಕೆರೆ, ತೂಬು, ಕೋಡಿ, ತೂಬು ಎತ್ತಿ ಇಳಿಸಲು ನೀರುಗಂಟಿ. ಆ ಕೆರೆಗಳು ಬರಿದಾಗಿ, ಜಾಲಿ ಬೆಳೆದು, 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಪೈಪುಗಳಿಂದ ಬೆಂಗಳೂರು ಬಳಸಿ ಬಿಟ್ಟ ನೀರು ಶುದ್ಧವಾಗಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಏರಿಯ ಮೇಲೆ ಸಾಲಾಗಿ ನಿಂತು ನೋಡಿದರು. ಆ ಶುದ್ಧಿ ಸಾಲದು, ಇನ್ನೊಂದು ಹಂತ ಆಗಲೇಬೇಕು ಎನ್ನುವವರ ಮಾತು ನನಗೂ ಸರಿ ಕಾಣುತ್ತದೆ. ಆದರೂ ಅವತ್ತು ಏರಿಯ ಮೇಲೆ ನಿಂತವರ ಮುಖದಲ್ಲಿದ್ದದ್ದು ಲೆಕ್ಕಾಚಾರವಲ್ಲ, ಬಹಳ ದಿನ ಕಾಣದ ನೆಂಟರು ಬಾಗಿಲಿಗೆ ಬಂದಾಗಿನ ಬೆಳಕು.

ಬಾನಿಯಲ್ಲಿ ನೀರು ನಿಲ್ಲಿಸಿದರೆ ಸೊಳ್ಳೆಯ ಭಯ ಎಲ್ಲರಿಗೂ ಇರುತ್ತದೆ, ಇರಬೇಕಾದ್ದೇ; ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನಾಲ್ಕು ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಹುಳು ಉಳಿಯುವುದಿಲ್ಲ, ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರೊಳಗೆ ಅದನ್ನೇ ತಿಂದು ಬೆಳೆಯುತ್ತವೆ. ನೀರನ್ನು ಅಂಚಿನವರೆಗೆ ತುಂಬದೆ, ಒಂದು ಕೊನೆಯಲ್ಲಿ ಜಲ್ಲಿಯನ್ನು ಇಳಿಜಾರಾಗಿ ಪೇರಿಸಿ, ಮೇಲಿನ ಕಲ್ಲುಗಳು ಅರ್ಧ ಒದ್ದೆ ಅರ್ಧ ಒಣಗಿ ಇರುವಂತೆ ಬಿಡಬೇಕು. ಶ್ರೀನಿವಾಸಪುರದ ಕಡೆ ಮಾವು ಹೂಬಿಟ್ಟು ಗಾಳಿಗೆಲ್ಲ ಆ ಒಗರು ಸಿಹಿ ಹರಡಿದ ಮೇಲೆ, ಬಿಸಿಲು ಏರುತ್ತಿದ್ದಂತೆ ಜೇನುಗಳು ನೀರಿಗೆ ಬರುತ್ತವೆ. ಕುಡಿಯಲು ಮಾತ್ರವಲ್ಲ, ಹೊತ್ತೊಯ್ದು ಗೂಡಿನಲ್ಲಿ ಹನಿಹನಿಯಾಗಿ ಹರಡಿ, ರೆಕ್ಕೆ ಬೀಸಿ ಮರಿಗಳನ್ನು ತಂಪಾಗಿಡಲು. ಅವಕ್ಕೆ ಈಜು ಬರುವುದಿಲ್ಲ. ಕಾಲೂರಲು ಆ ಜಲ್ಲಿ ಬೇಕು.