ಬೆಂಕಿಯೂ ಹೆಸರೂ

ನಮ್ಮ ಅಡುಗೆಮನೆಯಲ್ಲಿ ಹಿತ್ತಾಳೆಯ ಹಳೆಯ ತಪ್ಪಲೆಯೊಂದುಂಟು. ಅದರ ಕಂಠದ ಕೆಳಗೆ ಉಳಿಯ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಕೊರೆದ ಅಜ್ಜಿಯ ಹೆಸರು, ಸೌದೆಯ ಒಲೆಯ ಮೇಲೆ ಮಸಿ ಹಿಡಿದು ಹುಣಿಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಪಾತ್ರೆ ಎಷ್ಟು ಸವೆದಿದ್ದರೂ, ಇಂದಿಗೂ ಬೆರಳಿಗೆ ತಗಲುತ್ತದೆ. ಅಂಗಡಿಯಿಂದ ಹೊಸದಾಗಿ ತಂದ ಸ್ಟೀಲಿನ ಪಾತ್ರೆಯ ಚೀಟಿಯಾದರೋ, ಕೀಳಲು ಮರೆತು ಒಲೆಗಿಟ್ಟ ಮೊದಲ ದಿನವೇ ಕಂದಿ, ಮುದುರಿ, ಕರಿಕಾಗಿ, ಅಂಟಿನ ಕಲೆಯೊಂದನ್ನು ಮಾತ್ರ ಉಳಿಸಿ ಹೋಯಿತು. ಎರಡೂ ಹೆಸರುಗಳೇ. ಹಾಗಿರುವಲ್ಲಿ ವಸ್ತುವಿಗೂ ಅದರ ನಾಮಕ್ಕೂ ಇರುವ ಸಂಬಂಧವು ಎಂತಹುದು?

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗನಾದ ಶ್ವೇತಕೇತುವಿಗೆ, ಗಡಿಗೆ ಕುಡಿಕೆಗಳೆಂಬುವೆಲ್ಲ ಮಾತಿನ ಆಶ್ರಯದಿಂದ ನಿಂತ ವಿಕಾರಗಳೆಂದೂ ಮಣ್ಣೊಂದೇ ಸತ್ಯವೆಂದೂ ಬೋಧಿಸುತ್ತಾನೆ. ನಾಮವು ಇಷ್ಟು ಹಗುರವಾದುದಾದರೆ, ಅದು ಬೆಂಕಿಯಲ್ಲಿ ಉಳಿಯಲೆಂದು ಮನುಷ್ಯನು ಇಷ್ಟೊಂದು ಶ್ರಮಪಡುವುದೇಕೆ?

ಆ ಶ್ರಮವಾದರೂ ಅಲ್ಪವಾದುದಲ್ಲ. ತಕ್ಕಡಿಯ ಯಂತ್ರ ಹೊರಹಾಕುವ ಚೀಟಿಯಲ್ಲಿ ಅಕ್ಷರವನ್ನು ಮೂಡಿಸುವುದು ಶಾಖವೇ. ಅದೇ ಚೀಟಿ ಬಿಸಿ ಪಾತ್ರೆಯನ್ನು ಸೋಕಿದರೆ ಹಾಳೆಯೆಲ್ಲ ಕಪ್ಪಾಗಿ, ಹುಟ್ಟಿಸಿದ ಶಾಖವೇ ಅಕ್ಷರವನ್ನು ನುಂಗಿಬಿಡುತ್ತದೆ. ಪಾಲಿಯೆಸ್ಟರಿನ ಹಾಳೆಯು ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿನವರೆಗೆ ತಾಳುತ್ತದೆ. ಸರ್ಕ್ಯೂಟ್ ಬೋರ್ಡುಗಳು ಬೆಸುಗೆಗಾಗಿ 250 ಡಿಗ್ರಿಯ ಆಸುಪಾಸಿನ ಕುಲುಮೆಯನ್ನು ಹಾದುಬರಬೇಕಾದುದರಿಂದ, ಅವುಗಳ ಗುರುತಿಗೆ ಜೇನುಬಣ್ಣದ ಪಾಲಿಇಮೈಡ್ ಹಾಳೆಯೇ ಬೇಕು. ಹಾಳೆ ತಾಳಿದರೂ ಅಂಟು ತಾಳದಿರಬಹುದು: ರಬ್ಬರಿನ ಅಂಟು ಬೇಗ ಮೆತ್ತಗಾಗುತ್ತದೆ, ಅಕ್ರಿಲಿಕ್ಕಿನದು ಅದಕ್ಕಿಂತ ಹೆಚ್ಚು ನಿಲ್ಲುತ್ತದೆ, ಸಿಲಿಕೋನಿನದು ಇನ್ನೂ ಹೆಚ್ಚು ನಿಲ್ಲುತ್ತದೆ. ಸುಮಾರು 800 ಡಿಗ್ರಿಯಲ್ಲಿ ಬೆಂದು ಲೋಹಕ್ಕೆ ಕರಗಿ ಕೂಡಿಕೊಂಡ ಎನಾಮಲ್ ಫಲಕವು, ಬೆಂಕಿಯಿಂದಲೇ ಹುಟ್ಟಿದ ಕಾರಣ, ಸಾಮಾನ್ಯ ಶಾಖಕ್ಕೆ ಅಂಜುವುದೇ ಇಲ್ಲ. ಆದುದರಿಂದ ಬಲ್ಲ ಕುಶಲಿಯು ಮೊದಲು ಕೇಳುವುದು ಎಷ್ಟು ಬಿಸಿ, ಎಷ್ಟು ಹೊತ್ತು, ಯಾವ ಮೈಯ ಮೇಲೆ ಎಂಬ ಮೂರು ಪ್ರಶ್ನೆಗಳನ್ನು. ಎಲ್ಲ ಬೆಂಕಿಗಳನ್ನೂ ಗೆಲ್ಲುವ ಚೀಟಿಯನ್ನು ಆತನು ಅರಸುವುದಿಲ್ಲ.

ಅದ್ವೈತಿಗಳು ವ್ಯಾವಹಾರಿಕ ಸತ್ಯವೆಂದು ಕರೆಯುವುದರ ಲಕ್ಷಣವೂ ಇದೇ ಅಲ್ಲವೇ? ಪರಮಾರ್ಥಜ್ಞಾನವು ಉದಿಸಿ ಬಾಧಿಸುವವರೆಗೆ ಅದು ಅಬಾಧಿತವಾಗಿ ನಿಲ್ಲಬೇಕು. ಅಷ್ಟು ಕಾಲ ಅದು ಸತ್ಯವೇ ಸರಿ. ಆಸ್ಪತ್ರೆಯಲ್ಲಿ 121 ಡಿಗ್ರಿಯ ಹಬೆಯೊಳಗೆ ಶುದ್ಧಿಗೊಳ್ಳುವ ಬಾಟಲಿಯ ಮೇಲಿನ ಹೆಸರು ಅಳಿಸಿಹೋದರೆ, ಗಾಜೊಂದೇ ಸತ್ಯವೆಂಬ ಮಾತಿನಿಂದ ರೋಗಿಗೆ ಸಮಾಧಾನವಾಗದು. ಎಂದೋ ಒಂದು ದಿನ ಅಳಿಯತಕ್ಕದ್ದೆಂಬ ಕಾರಣದಿಂದ ಇಂದು ನಿಲ್ಲಬೇಕಾದುದನ್ನು ಸಡಿಲವಾಗಿ ಅಂಟಿಸುವುದು ವೈರಾಗ್ಯವಲ್ಲ, ಅಲಕ್ಷ್ಯ. ನಾಮವು ಮಿಥ್ಯೆಯೆಂದು ಅರಿತವನೂ ಅದನ್ನು ನಂಬಿ ಕೈಚಾಚುವವರ ಪ್ರಾಣವನ್ನು ಮಿಥ್ಯೆಯೆಂದು ಬಗೆಯಲಾಗದು.

ತಪ್ಪಲೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆನು. ಅಜ್ಜಿಯ ಹೆಸರಿಗೆ ಬೇರೆ ಹಾಳೆಯಿಲ್ಲ, ಅಂಟಿಲ್ಲ, ಮಸಿಯಿಲ್ಲ. ಹಿತ್ತಾಳೆಯೇ ಅಲ್ಲಲ್ಲಿ ಒಂದಿಷ್ಟು ತಗ್ಗಿ ಅಕ್ಷರವಾಗಿದೆ. ಸುಡುವುದಕ್ಕೆ ಹೆಸರಿನದೆಂಬುದು ಬೇರೇನೂ ಇಲ್ಲದಿರುವುದರಿಂದಲೇ ಅದನ್ನು ಒಲೆಯು ಸುಡಲಾರದೆ ಹೋಯಿತು. ಪಾತ್ರೆ ಕರಗುವ ದಿನದವರೆಗೆ ಅದಕ್ಕೆ ಅಳಿವಿಲ್ಲ, ಆ ದಿನ ಉಳಿಯುವುದೂ ಹಿತ್ತಾಳೆಯೇ. ಉದ್ದಾಲಕನು ಮಣ್ಣನ್ನು ತೋರಿಸಿ ಹೇಳಿದುದನ್ನು ನನಗೆ ಮನಗಾಣಿಸಿದುದು, ಕುಶಲಿಯೊಬ್ಬನು ಎಂದೋ ಮನಸ್ಸಿಟ್ಟು ಕೊರೆದ ಆ ಚುಕ್ಕಿಗಳ ಸಾಲು.