ಯಾರ ಪೈಕಿ?

ಕಡಬದಿಂದ ಗುಬ್ಬಿಗೆ ಬಸ್ಸು ಹತ್ತಿದರೆ ಪಕ್ಕ ಕೂತವರು ಕೇಳೋದು: ‘ಯಾವೂರು? ಯಾರ ಪೈಕಿ?’ ಅವರಿಗೆ ಬೇಕಾದ್ದು ಜಾತಿ. ಅದೇ ಪ್ರಶ್ನೆಯನ್ನು ಈಗ ಅಂತರ್ಜಾಲದ ವಂಶವೃಕ್ಷ ಕಂಪನಿಗಳು ನಯವಾಗಿ ಕೇಳುತ್ತವೆ. ಅಜ್ಜಿಯ ಹೆಸರು, ಹುಟ್ಟಿದೂರು ಬರೆಯಿರಿ, ನಿಮ್ಮ ಬೇರು ತೋರಿಸುತ್ತೇವೆ ಅಂತ.

2023ರಲ್ಲಿ ಅಮೆರಿಕದ ಟ್ವೆಂಟಿತ್ರೀ ಅಂಡ್ ಮಿ ಕಂಪನಿಯಲ್ಲಿ ಕಳ್ಳರು ನೇರವಾಗಿ ಹೊಕ್ಕಿದ್ದು ಸುಮಾರು 14,000 ಖಾತೆಗೆ. ನಂಟಿನ ಎಳೆ ಹಿಡಿದು ಮುಟ್ಟಿದ್ದು 69 ಲಕ್ಷ ಜನರ ವಿವರ. ಯಹೂದಿ ಮೂಲದವರ ಪಟ್ಟಿಯನ್ನೇ ಬೇರೆ ಮಾಡಿ ಮಾರಾಟಕ್ಕಿಟ್ಟರು. ಕುಲ ನೋಡಿ ವಿಂಗಡಿಸುವ ಈ ವಿದ್ಯೆ ನಮಗೇನು ಹೊಸದೇ?

ಕೆಲವರಿಗೆ ವಂಶ ಅಂದರೆ ಹೆಮ್ಮೆ. ನಮಗೆ ಬಾಡಿಗೆ ಮನೆ ತಪ್ಪಿಹೋಗಲು ತಾತನ ಹೆಸರೊಂದೇ ಸಾಕು.

ಹಾಗಾದರೆ ಜಾತಿ ಮುಚ್ಚಿಡಬೇಕಾ? ಇಲ್ಲ ಗೆಳೆಯರೇ. 2025ರಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಗೆ ಒಳಜಾತಿ ಬರೆಸಿದ್ದು ನಮ್ಮ ಪಾಲು ಕೇಳಲು. ನಾವೇ ಎದೆಯೆತ್ತಿ ಹೇಳಿದರೆ ಅದು ಹೋರಾಟ. ಗೊತ್ತಿಲ್ಲದವನು ಬಗೆದು ತೆಗೆದರೆ ಅದು ಬೇಹುಗಾರಿಕೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಹಕ್ಕು ಅಕ್ಷರ ಬಾರದ ನನ್ನ ಅಜ್ಜಿಗೂ ಇದೆ. ವಂಶ ನನ್ನೊಬ್ಬನ ಆಸ್ತಿಯಲ್ಲ. ಅವಳ ಹೆಸರು ಬರೆಯುವ ಮುಂಚೆ, ಓದು ಕಲಿತ ನಾನು ಅವಳನ್ನು ಒಂದು ಮಾತು ಕೇಳಿದ್ದೇನಾ?